ಕೂಸಿಗೆ ಶೀತವಾದಾಗ: ಹಾಲಿಗೆ ಮುಂಚೆ ಮೂಗು, ರಾತ್ರಿ ಉಸಿರಿನ ಲೆಕ್ಕ

ಆಷಾಢದ ಮಳೆ ಹಿಡಿದ ಮೂರನೇ ದಿನ ನನ್ನ ಮಗಳ ಕೂಸಿಗೆ ಶೀತ ಶುರುವಾಯಿತು. ಮೂರು ತಿಂಗಳು ತುಂಬಿ ಎರಡೇ ದಿನ ಆಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಮಗಳು ನನ್ನ ಕೋಣೆಯ ಬಾಗಿಲಿಗೆ ಬಂದು, "ಅಮ್ಮಾ, ಎರಡು ಗುಟುಕು ಕುಡೀತಾಳೆ, ಬಿಟ್ಟು ಕಿರುಚ್ತಾಳೆ. ನಂಗೆ ಹಾಲೇ ಬತ್ತಿಹೋಯ್ತೇನೋ" ಅಂತ ಅಳುತ್ತ ನಿಂತಿದ್ದಳು. ಹಾಲು ಬೇಕಾದಷ್ಟಿತ್ತು. ಕೂಸಿನ ಮೂಗು ಕಟ್ಟಿತ್ತು, ಅಷ್ಟೆ.

ನಾನು ತೀರ್ಥಹಳ್ಳಿ ಸೀಮೆಯ ಉಪಕೇಂದ್ರಗಳಲ್ಲಿ 31 ವರ್ಷ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದವಳು. ಊರವರ ಬಾಯಲ್ಲಿ ನರ್ಸಮ್ಮ. ಆ ವಾರ ನಮ್ಮ ಮನೆಯಲ್ಲಿ ಏನು ಮಾಡಿದೆವು, ಏನನ್ನು ಬೇಕೆಂದೇ ಮಾಡಲಿಲ್ಲ ಎನ್ನುವುದನ್ನು ಬರೆಯುತ್ತೇನೆ. ಮೊದಲ ಮಗುವಿನ ತಾಯಂದಿರು ರಾತ್ರಿ ಎದ್ದು ಕೂತು ಹೆದರುವುದನ್ನು ನಾನು ಬಹಳ ನೋಡಿದ್ದೇನೆ.

ಮೊದಲ ಕೆಲವು ತಿಂಗಳು ಕೂಸು ಉಸಿರಾಡುವುದು ಹೆಚ್ಚುಕಡಿಮೆ ಮೂಗಿನಿಂದಲೇ. ಬಾಯಿ ಮೊಲೆಗೆ ಕಚ್ಚಿಕೊಂಡಿರುವಾಗ ಮೂಗೂ ಕಟ್ಟಿದರೆ ಅದಕ್ಕೆ ಉಸಿರಿಗೆ ದಾರಿಯೇ ಇಲ್ಲ. ಹಾಗಾಗಿ ಬಿಟ್ಟು ಅಳುತ್ತದೆ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೂಗಿಗೆ ಬೇಕಾದದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ ಉಪ್ಪುನೀರಿನ ಹನಿ. ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ 0.65% ಎಂದಿರಬೇಕು, ಅದರಲ್ಲಿ ಬೇರೆ ಔಷಧಿ ಇರಬಾರದು. ಹೆಸರೂ ಡಬ್ಬಿಯೂ ಹೆಚ್ಚುಕಡಿಮೆ ಒಂದೇ ಥರ ಕಾಣುವ ಇನ್ನೊಂದು ಬಗೆ ಇದೆ: ಆಕ್ಸಿಮೆಟಜೋಲಿನ್ ಅಥವಾ ಜೈಲೋಮೆಟಜೋಲಿನ್ ಇರುವ ಹನಿ. ವೈದ್ಯರು ಹೇಳದೆ ಅದನ್ನು ಕೂಸಿನ ಮೂಗಿಗೆ ಬಿಡಲೇಬಾರದು. ಅಂಗಡಿಯಲ್ಲಿ "ಮಗುವಿನ ಮೂಗಿನ ಡ್ರಾಪ್ಸ್ ಕೊಡಿ" ಎಂದಷ್ಟೇ ಕೇಳದೆ, ಬರಹ ಓದಿಯೇ ತನ್ನಿ. ಮನೆಯಲ್ಲೇ ಉಪ್ಪು ಕದಡಿ ಮಾಡಿಕೊಳ್ಳುವವರಿದ್ದಾರೆ. ಚಿಟಿಕೆ ಹೆಚ್ಚಾದರೆ ಮೂಗು ಉರಿಯುತ್ತದೆ, ಹಾಗಾಗಿ ನಾನು ಅದನ್ನು ಹೇಳಿಕೊಡುವುದಿಲ್ಲ.

ಬಿಡುವ ಕ್ರಮ ಹೀಗೆ. ಬಾಟಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ತಣುಪು ಬಿಡಿಸಿ. ಕೂಸನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಒಂದೊಂದು ಹೊಳ್ಳೆಗೆ ಎರಡು ಹನಿ. ತುದಿ ಮೂಗಿನ ಒಳಗೆ ತಾಗಬಾರದು. ಒಂದು ನಿಮಿಷ ಎತ್ತಿಕೊಂಡು ಆಡಿಸಿ. ಗೊಣ್ಣೆ ಕರಗಿ ಅರ್ಧ ಹೊರಗೆ ಬರುತ್ತದೆ, ಅರ್ಧ ಗಂಟಲಿಗೆ ಇಳಿದು ನುಂಗಿಹೋಗುತ್ತದೆ. ನುಂಗಿದರೆ ತೊಂದರೆಯಿಲ್ಲ. ಹೊರಗೆ ಬಂದದ್ದನ್ನು ಹಳೆಯ ಹತ್ತಿ ಸೀರೆಯ ತುಂಡಿನಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ರಬ್ಬರ್ ಬುಡ್ಡೆಯಿಂದ ಎಳೆಯುವುದಾದರೆ ಬುಡ್ಡೆಯನ್ನು ಮೊದಲೇ ಒತ್ತಿಹಿಡಿದು ಹೊಳ್ಳೆಯ ಬಾಯಿಗಷ್ಟೇ ಇಟ್ಟು ಮೆಲ್ಲಗೆ ಸಡಿಲಿಸಬೇಕು. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಹೆಚ್ಚು ಎಳೆದಷ್ಟೂ ಒಳಗಿನ ಪದರ ಊದಿ ಮತ್ತೆ ಕಟ್ಟುತ್ತದೆ. ಇದೆಲ್ಲ ಹಾಲು ಕುಡಿಸುವ ಹತ್ತು ಹದಿನೈದು ನಿಮಿಷ ಮೊದಲು ಆಗಬೇಕು. ಹಾಲು ಕುಡಿದ ಮೇಲೆ ಮಾಡಿದರೆ ಕುಡಿದದ್ದೆಲ್ಲ ಮೈಮೇಲೆ ಕಕ್ಕುತ್ತದೆ.

ಅಂದು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅಳಿಯ ಹೋಗಿ ಹನಿ ತಂದ. ಮೂಗು ಬಿಟ್ಟ ಮೇಲೆ ಕೂಸು ಒಂದೇ ಉಸಿರಿಗೆ ಎಂಟು ನಿಮಿಷ ಕುಡಿಯಿತು. ಮಗಳು ಆಗ ನಕ್ಕಳು.

ಶೀತದ ದಿನಗಳಲ್ಲಿ ಕೂಸು ಸ್ವಲ್ಪ ಸ್ವಲ್ಪವೇ ಕುಡಿಯುತ್ತದೆ, ಹೆಚ್ಚು ಸಲ ಕೊಡಬೇಕು. ಎಳೆಯಲು ಆಗದಷ್ಟು ಸುಸ್ತಾದರೆ ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿ. ಆರು ತಿಂಗಳೊಳಗೆ ಬಿಸಿನೀರೂ ಬೇಡ, ಜೀರಿಗೆ ನೀರೂ ಬೇಡ. ತಾಯಿಗೇ ಶೀತವಾಗಿದ್ದರೂ ಎದೆಹಾಲು ನಿಲ್ಲಿಸಬಾರದು. ಕೈ ಸೋಪಿನಿಂದ ತೊಳೆದು, ಮುಖಕ್ಕೆ ಮಾಸ್ಕ್ ಕಟ್ಟಿ ಕುಡಿಸಿದರೆ ಸರಿ. ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡಿತು ಎಂಬುದರ ಮೇಲೆ ಕಣ್ಣಿರಲಿ. ಆರಕ್ಕಿಂತ ಕಡಿಮೆಯಾಗುತ್ತ ಬಂದರೆ ಹೊಟ್ಟೆಗೆ ಸಾಲುತ್ತಿಲ್ಲ ಎಂದರ್ಥ.

ಉಸಿರು ಎಣಿಸುವುದು

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕೂಸು ನಿದ್ದೆಯಲ್ಲಿರುವಾಗ ಅಥವಾ ಸುಮ್ಮನಿರುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿಯೇ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಏಕೆಂದರೆ ಎಳೆಕೂಸು ಸ್ವಲ್ಪ ಹೊತ್ತು ಬೇಗ ಬೇಗ ಉಸಿರಾಡಿ ಆಮೇಲೆ ನಿಧಾನ ಮಾಡುತ್ತದೆ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದು ವರ್ಷ ದಾಟಿದ್ದಕ್ಕೆ 40 ಅಥವಾ ಹೆಚ್ಚು ಬಂದರೆ ಅದು ಬರೀ ಶೀತವಲ್ಲ. ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಿ.

ಎಣಿಸುವಾಗಲೇ ಪಕ್ಕೆ ನೋಡಿ. ಉಸಿರು ಒಳಗೆ ಎಳೆದುಕೊಳ್ಳುವಾಗ ಎದೆಗೂಡಿನ ಕೆಳಭಾಗ ಗುಳಿ ಬಿದ್ದರೆ ಪಕ್ಕೆ ಸೆಳೆಯುತ್ತಿದೆ ಎಂದರ್ಥ. ಮೂಗಿನ ಗೊರಗೊರ ಸದ್ದಿಗೆ ಹೆದರಬೇಡಿ, ಪಕ್ಕೆ ಸೆಳೆತಕ್ಕೆ ಹೆದರಿ.

ಸೇವೆಗೆ ಸೇರಿದ ಹೊಸತರಲ್ಲಿ ಹಳ್ಳದಾಚೆಯ ಒಂದು ಮನೆಗೆ ಹೋಗಿದ್ದೆ. ಏಳು ವಾರದ ಗಂಡುಕೂಸು. ಜ್ವರ ಇಲ್ಲ, ಅಳುವೂ ಇಲ್ಲ. "ಪಾಪ, ನಿನ್ನೆಯಿಂದ ಹಾಲು ಕೇಳದೆ ಮಲಗಿದೆ, ಬರೀ ನೆಗಡಿ" ಎಂದರು. ಎಣಿಸಿದೆ, 68. ಇನ್ನೊಮ್ಮೆ ಎಣಿಸಿದೆ, 70. ಅಡಿಕೆ ಸಾಗಿಸುವ ಜೀಪಿನಲ್ಲಿ ಕೂರಿಸಿ ನಾನೇ ಜೊತೆಗೆ ಹೋದೆ. ನ್ಯುಮೋನಿಯಾ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂತು. ಇವತ್ತು ಆ ಹುಡುಗನಿಗೇ ಮಕ್ಕಳಿವೆ. ಜ್ವರ ಇಲ್ಲ ಎಂಬ ಧೈರ್ಯ ಎಳೆಕೂಸಿನ ವಿಷಯದಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತು. ಆರ್‌ಎಸ್‌ವಿ ಎಂಬ ವೈರಸ್ ಶೀತದ ಹಾಗೇ ಶುರುವಾಗಿ, ಸಣ್ಣ ಉಸಿರುನಾಳಗಳಿಗೆ ಇಳಿದು, ಮೂರರಿಂದ ಐದನೇ ದಿನದ ಹೊತ್ತಿಗೆ ಜೋರಾಗುತ್ತದೆ. ಹಾಗಾಗಿ ಮೊದಲ ದಿನ ಡಾಕ್ಟರು "ಏನೂ ಇಲ್ಲ" ಎಂದಿದ್ದರೂ ಎಣಿಕೆ ಬಿಡಬೇಡಿ. ನಾವು ಕ್ಯಾಲೆಂಡರಿನ ಹಿಂದೆ ಬೆಳಿಗ್ಗೆ, ಸಂಜೆ, ನಡುರಾತ್ರಿ ಬರೆದಿಡುತ್ತಿದ್ದೆವು: 38, 41, 44, 42. ಮೂರನೇ ರಾತ್ರಿ 46 ಬಂದಾಗ ಮಗಳು ಚಪ್ಪಲಿ ಹಾಕಿಕೊಂಡೇ ಕೂತಿದ್ದಳು. ಮೂಗು ಬಿಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿದಾಗ 40.

ಹಾಲನ್ನೇ ಮುಟ್ಟದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಪ್ರತಿ ಉಸಿರಿಗೂ ನರಳಿದರೆ, ತುಟಿ ನೀಲಿಯಾದರೆ ಎಣಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ ಮೈ 100.4 ಡಿಗ್ರಿ ಬಂದರೂ ಅದೇ ದಿನ, ರಾತ್ರಿಯಾದರೆ ರಾತ್ರಿಯೇ, ಡಾಕ್ಟರ ಹತ್ತಿರ ಹೋಗಬೇಕು.

ಕೊಡಬಾರದ್ದು

ಕೆಮ್ಮಿನ ಸಿರಪ್ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡವು. ಆ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಔಷಧಿ ಬರೆಯಲೇಬಾರದು ಎಂದು ಹೇಳಿತು. ವಿಷ ಬೆರೆಯದಿದ್ದರೂ ಇಷ್ಟು ಚಿಕ್ಕ ಮಕ್ಕಳಿಗೆ ಅದರಿಂದ ಉಪಯೋಗವಿಲ್ಲ. ಶೀತ ಏಳರಿಂದ ಹತ್ತು ದಿನ ಇದ್ದೇ ಹೋಗುತ್ತದೆ, ಕೆಮ್ಮು ಎರಡು ವಾರ ಉಳಿಯಬಹುದು. ಗೊಣ್ಣೆ ಹಳದಿಯಾಯಿತೆಂದು ಆಂಟಿಬಯಾಟಿಕ್ ಕೇಳಬೇಡಿ. ಶೀತ ಮಾಗುವಾಗ ಬಣ್ಣ ತಿರುಗುತ್ತದೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಬರೆದುಕೊಟ್ಟಿದ್ದರೆ ಅದು ಡ್ರಾಪ್ಸೋ ಸಿರಪ್ಪೋ ನೋಡಿ. ಸಾಮಾನ್ಯವಾಗಿ ಡ್ರಾಪ್ಸಿನ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನ ಐದು ಎಂಎಲ್‌ನಲ್ಲಿ 125. ಅಂದರೆ ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿ ಓಡಿಬಂದವರನ್ನು ನಾನು ನೋಡಿದ್ದೇನೆ. ಡಾಕ್ಟರು ಕೂಸಿನ ತೂಕ ನೋಡಿ ಹೇಳಿದಷ್ಟೇ ಕೊಡಿ.

ಮನೆಮದ್ದಿನ ವಿಷಯಕ್ಕೆ ಬಂದರೆ, ನಮ್ಮತ್ತೆಗೆ ಈಗ 84. ಅವರು ಹತ್ತು ಮಕ್ಕಳನ್ನು ಎತ್ತಿ ಆಡಿಸಿದವರು. ಮೊದಲ ದಿನವೇ ಬಜೆ ತೇಯಲು ಕಲ್ಲು ತೆಗೆದಿಟ್ಟರು, ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಲು ಹೇಳಿದರು. ನಾನು ಅವರ ಹತ್ತಿರ ಕೂತು ಒಂದೊಂದನ್ನೇ ಬಿಡಿಸಿ ಹೇಳಿದೆ. ಆರು ತಿಂಗಳೊಳಗೆ ಜೀರಿಗೆ ನೀರೇ ಬೇಡವೆಂದ ಮೇಲೆ ಬಜೆಯೂ ಬೇಡ. ಕರ್ಪೂರ ಎಳೆಮಕ್ಕಳಿಗೆ ಫಿಟ್ಸ್ ತರಿಸಬಲ್ಲದು. ಕರ್ಪೂರ ಇರುವ ಮುಲಾಮೂ ಎರಡು ವರ್ಷದವರೆಗೆ ಬೇಡ. ಜೇನುತುಪ್ಪದಿಂದ ಒಂದು ವರ್ಷದೊಳಗಿನ ಮಗುವಿಗೆ ಬಾಟ್ಯುಲಿಸಂ ಎಂಬ ನರದ ಕಾಯಿಲೆ ಬರಬಹುದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಕೂತು ನ್ಯುಮೋನಿಯಾ ಮಾಡುತ್ತದೆ. ಮಿಂದ ಮೇಲೆ ಹಿಡಿಯುವ ಸಾಂಬ್ರಾಣಿ ಹೊಗೆ ಮೊದಲೇ ಊದಿದ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ಮಳೆಗಾಲವೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಜೀವಕ್ಕೇ ಅಪಾಯ.

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ವೀಳ್ಯದೆಲೆ?" ಎಂದರು. ಅದಕ್ಕೆ ಬೇಡವೆನ್ನಲಿಲ್ಲ. ಎಲೆಯನ್ನು ಬಾಡಿಸಿ, ನನ್ನ ಕೆನ್ನೆಗೆ ಒತ್ತಿ ಬಿಸಿ ನೋಡಿ, ಕೂಸಿನ ಎದೆಯ ಮೇಲೆ ಅಂಗಿಯ ಮೇಲಿಂದ ಇಟ್ಟರು. ಅದರಿಂದ ಶೀತ ಹೋಗದು, ಆರಿದ ಎಲೆಯಿಂದ ಕೆಡುಕೂ ಇಲ್ಲ. ಮಧ್ಯಾಹ್ನಗಳಲ್ಲಿ ಕೂಸನ್ನು ನೆಟ್ಟಗೆ ಎದೆಗೆ ಒರಗಿಸಿಕೊಂಡು ಕೂರುವ ಕೆಲಸವನ್ನು ಅವರಿಗೇ ಒಪ್ಪಿಸಿದೆ. ಮೂಗು ಕಟ್ಟಿದ ಕೂಸಿಗೆ ಹಾಗೆ ಎತ್ತಿಕೊಂಡವರ ಎದೆಯೇ ಸುಖ. ಮಲಗಿಸುವಾಗ ಮಾತ್ರ ಅಂಗಾತ, ತಲೆದಿಂಬಿಲ್ಲದೆ. ನಮಗಿಂತ ಒಂದು ಪದರ ಹೆಚ್ಚು ಬಟ್ಟೆ ಸಾಕು. ಕುಲಾವಿ, ಸ್ವೆಟರು, ಮೇಲೆ ಎರಡು ಕಂಬಳಿ ಹೊದಿಸಿದರೆ ಕೂಸು ಬೆವರಿ ಚಡಪಡಿಸುತ್ತದೆ.

ಆರನೇ ದಿನ ಗುರುವಾರ, ಹದಿನಾಲ್ಕು ವಾರದ ಚುಚ್ಚುಮದ್ದಿನ ದಿನ. "ಮೂಗು ಇನ್ನೂ ಸೋರ್ತಿದೆ, ಮುಂದಿನ ತಿಂಗಳು ಹೋಗೋಣವಾ?" ಎಂದಳು ಮಗಳು. ಜ್ವರವಿಲ್ಲದ ಸಣ್ಣ ಶೀತಕ್ಕೆ ಲಸಿಕೆ ಮುಂದೂಡಬೇಕಿಲ್ಲ. ಅಂದು ಹಾಕುವುದರಲ್ಲಿ ಪೆಂಟಾವೇಲೆಂಟ್, ಪಿಸಿವಿ ಎರಡೂ ಇವೆ, ನ್ಯುಮೋನಿಯಾ ತರುವ ಎರಡು ದೊಡ್ಡ ರೋಗಾಣುಗಳಿಗೆ ತಡೆ ಅವೇ. ತಾಯಿ ಕಾರ್ಡ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಡೆ ಹಿಡಿದು ಮೂವರೂ ಹೊರಟೆವು. ಉಪಕೇಂದ್ರದ ಹೊಸ ಸಿಸ್ಟರ್ ಕೂಸಿನ ಅಂಗಿ ಎತ್ತಿ, ಗಡಿಯಾರ ನೋಡುತ್ತ, ತಾನೂ ಒಂದು ನಿಮಿಷ ಪೂರ್ತಿ ಎಣಿಸಿದಳು.