ಹಿಂಬಾಗಿಲ ಲಾಕ್: ಸೈಗಾನ್‌ನ ಸಿ-5ಎ ವಿಮಾನ ಮತ್ತು ನಾನು ಮಾಡುವ ಪರೀಕ್ಷೆ

ಸರಕು ವಿಮಾನದ ಹಿಂಬಾಗಿಲ ಲಾಕ್‌ಗಳ ರಿಗ್ಗಿಂಗ್‌ಗೆ (ಅಳತೆಗೆ ತಕ್ಕಂತೆ ಹೊಂದಿಸುವ ಕೆಲಸಕ್ಕೆ) ಕೈಹಾಕುವ ಮೊದಲು ಹೊಸಬರಿಂದ ಒಂದು ಲೆಕ್ಕ ಮಾಡಿಸುತ್ತೇನೆ. 23,000 ಅಡಿಯಲ್ಲಿ ಹೊರಗಿನ ಒತ್ತಡ ಸುಮಾರು 410 ಮಿಲಿಬಾರ್. ಒಳಗೆ 7,000 ಅಡಿಯ ಒತ್ತಡ ಕಾಯ್ದುಕೊಂಡರೆ 780. ವ್ಯತ್ಯಾಸವನ್ನು ತೂಕಕ್ಕಿಳಿಸಿ ನೋಡಿ: ಬಾಗಿಲ ಒಂದು ಚದರ ಮೀಟರಿಗೆ ಸುಮಾರು 3.8 ಟನ್. ಒಂದು ಲಾಕ್ ಹಿಡಿಯದಿದ್ದರೆ ಅದರ ಪಾಲು ಪಕ್ಕದ್ದರ ಮೇಲೆ ಬೀಳುತ್ತದೆ.

1975ರ ಏಪ್ರಿಲ್ 4ರಂದು ವಿಯೆಟ್ನಾಂನ ಸೈಗಾನ್‌ನಿಂದ ಅನಾಥ ಮಕ್ಕಳನ್ನು ಹೊತ್ತು ಹೊರಟ ಅಮೆರಿಕದ ಸಿ-5ಎ ಎಂಬ ದೈತ್ಯ ಸೇನಾ ಸರಕು ವಿಮಾನದಲ್ಲಿ ಆದದ್ದು ಇದೇ. ಕರಾವಳಿ ಊರು ವುಂಗ್ ತೌ ಆಚೆ ಸಮುದ್ರದ ಮೇಲೆ, 23,000 ಅಡಿಯ ಹತ್ತಿರ, ಹಿಂಬಾಗಿಲು ಕಿತ್ತುಹೋಯಿತು. ಬಾಲದಲ್ಲಿ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್, ಮೇಲೆ ಕೆಳಗೆ ಮಾಡುವ ಎಲಿವೇಟರ್‌ಗಳಿಗೆ ಹೋಗುವ ಕೇಬಲ್‌ಗಳು ತುಂಡಾದವು. ಈ ಭಾಗಗಳನ್ನು ದ್ರವದ ಒತ್ತಡದಿಂದ ಆಡಿಸುವ ನಾಲ್ಕು ಹೈಡ್ರಾಲಿಕ್ ವ್ಯವಸ್ಥೆಗಳಲ್ಲಿ ಎರಡು ಹೋದವು. ಉಳಿದದ್ದು ರೆಕ್ಕೆಯಲ್ಲಿ ವಿಮಾನವನ್ನು ವಾಲಿಸುವ ಒಂದು ಐಲೆರಾನ್, ಎತ್ತುವ ಬಲ ತಗ್ಗಿಸುವ ಸ್ಪಾಯ್ಲರ್‌ಗಳು, ಎಂಜಿನ್ ಶಕ್ತಿ. ಮೂತಿ ಏರಿಸಲು, ಇಳಿಸಲು ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಒಂದೇ ಗತಿ. ಕ್ಯಾಪ್ಟನ್ ಡೆನಿಸ್ ಟ್ರೇನರ್ ವಿಮಾನವನ್ನು ಹಾಗೇ ತಿರುಗಿಸಿ ತಂದರು. ಸೈಗಾನ್‌ನ ತಾನ್ ಸನ್ ನ್ಯುತ್ ನಿಲ್ದಾಣದ ರನ್‌ವೇ ಸಿಗಲಿಲ್ಲ. ಭತ್ತದ ಗದ್ದೆಗೆ ತಾಗಿ, ಮತ್ತೆ ಎದ್ದು ಸೈಗಾನ್ ನದಿ ದಾಟಿ, ಏರಿಗೆ ಬಡಿದು ಒಡೆಯಿತು. 138 ಜನ ಸತ್ತರು, ಅವರಲ್ಲಿ 78 ಮಕ್ಕಳು. ಬದುಕಿದವರಲ್ಲಿ ಹೆಚ್ಚಿನವರು ಮೇಲಂತಸ್ತಿನಲ್ಲಿದ್ದವರು. ಕೆಳಗಿನ ಸರಕು ಅಂಗಳದಲ್ಲಿ ಕೂರಿಸಿದ್ದ ಮಕ್ಕಳನ್ನು ನೆನೆದರೆ ಇಂದಿಗೂ ಕರುಳು ಹಿಂಡುತ್ತದೆ.

ಆ ವಿಮಾನದ ಲಾಕ್ ಭಾಗಗಳನ್ನು ಹಿಂದೊಮ್ಮೆ ಬಿಚ್ಚಿ ಬಿಡಿಭಾಗಗಳಾಗಿ ಬಳಸಿದ್ದರು, ಮರುಜೋಡಣೆ ಸರಿಯಾಗಿರಲಿಲ್ಲ. ಕೆಲವು ಲಾಕ್‌ಗಳು ಸರಿಯಾಗಿ ಕೂರುತ್ತಿರಲಿಲ್ಲವೆಂದು ತನಿಖೆಯಲ್ಲಿ ಗೊತ್ತಾಯಿತು. ನೆಲದ ಮೇಲೆ ಒತ್ತಡವಿಲ್ಲ. ಅರ್ಧ ಲಾಕ್ ಹಿಡಿದರೂ ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ, ಮೋಸ ಇರುವುದು ಅಲ್ಲೇ.

ತಪ್ಪು ಹೆಚ್ಚಾಗಿ ಟೈ ರಾಡ್‌ನಲ್ಲಿ. ಲಾಕ್‌ಗಳನ್ನು ಸಾಲಾಗಿ ಜೋಡಿಸುವ ರಾಡ್ ಎರಡು ಸುತ್ತು ಉದ್ದವಾದರೂ ಮೊದಲ ಲಾಕ್‌ನ ಕೊಕ್ಕೆ ಪೂರ್ತಿ ಕೂತು ಕೊನೆಯದು ಅಂಚಿನಲ್ಲೇ ನಿಲ್ಲುತ್ತದೆ. ಹಾಗಾಗಿ ಮೊದಲು ರಾಡ್ ತುದಿಯ ಸಣ್ಣ ತೂತಿಗೆ ತಂತಿ ತೂರಿಸಿ ನೋಡುತ್ತೇನೆ. ಅದು ಆಚೆ ಬಂದರೆ ಒಳಗೆ ಹೋದ ಥ್ರೆಡ್ (ತಿರುಪಿನ ಸುತ್ತು) ಸಾಲದು, ಬಿಚ್ಚಿ ಮತ್ತೆ ಹೊಂದಿಸಬೇಕು. ನಂತರ ರಾಡ್ ತಿರುಗದಂತೆ ಹಿಡಿಯುವ ಚೆಕ್‌ನಟ್ ಬಿಗಿದು, ಅದು ಸಡಿಲವಾಗದಂತೆ ತಂತಿ ಕಟ್ಟಿ ಬಾಗಿಲನ್ನು ಮೂರು ಸಲ ತೆರೆದು ಮುಚ್ಚುತ್ತೇನೆ. ಪ್ರತಿ ಸಲವೂ ಟಾರ್ಚ್ ಹಿಡಿದು ಒಂದೊಂದೇ ಕೊಕ್ಕೆ ತಾನು ಹಿಡಿಯಬೇಕಾದ ರೋಲರನ್ನು ಪೂರ್ತಿ ಸುತ್ತಿದೆಯೇ ಎಂದು ನೋಡಿ ಚಾಕ್‌ನಲ್ಲಿ ಗುರುತು ಮಾಡುತ್ತೇನೆ. ಕಾಕ್‌ಪಿಟ್ ದೀಪ ಸ್ವಿಚ್ಚಿನ ಸ್ಥಿತಿ ಹೇಳುತ್ತದೆ, ಕೊಕ್ಕೆಯದ್ದಲ್ಲ. ಎರಡನೆಯವರು ನನ್ನ ಗುರುತು ನೋಡದೆ ತಾವೇ ಮೊದಲಿನಿಂದ ಪರೀಕ್ಷಿಸಬೇಕು. ಕೊನೆಗೆ ನೆಲದ ಮೇಲೇ ಒತ್ತಡ ತುಂಬಿ ಸೋರಿಕೆ ಪರೀಕ್ಷೆ.

ಬಿಚ್ಚಿದ ಭಾಗದ ಜಾಗಕ್ಕೆ ಕೆಂಪು ಟ್ಯಾಗ್, ಲಾಗ್ ಪುಸ್ತಕದಲ್ಲಿ ಆಗಿಂದಾಗಲೇ ಬರಹ. ‘ಆಮೇಲೆ ಬರೆಯೋಣ’ ಅಂದದ್ದು ಪಾಳಿ ಬದಲಾದ ಕೂಡಲೇ ಮರೆಯಾಗುತ್ತದೆ.

ಸೈಗಾನ್‌ನಲ್ಲಿ ಅಂದು ಹೊರಡುವ ಮೊದಲೇ ಸಿಬ್ಬಂದಿಗೆ ಬಾಗಿಲು ಮುಚ್ಚಲು ತೊಂದರೆಯಾಗಿತ್ತು. ಬಾಗಿಲು ಹಟ ಹಿಡಿದರೆ ಮತ್ತೆ ಸ್ವಿಚ್ ಒತ್ತಿ ನೋಡುವುದಲ್ಲ. ಹೊರಗೆ ಎಷ್ಟೇ ಜನ ಕಾದಿರಲಿ, ತೆರೆದು ಮೊದಲ ಕೊಕ್ಕೆಯಿಂದ ಮತ್ತೆ ನೋಡಬೇಕು.