ಹಳೆ ಡ್ರಮ್ಮಿನ ಬಾಯಿ ಅಂಚು: ಕೈಯಲ್ಲೇ ತಿದ್ದುವ ಬಗೆ

ಹಳೆ ಡ್ರಮ್ ಸೆಟ್ ಕೊಂಡವರು ಮೊದಲು ಕ್ರೋಮ್ ಉಜ್ಜುತ್ತಾರೆ, ಆಮೇಲೆ ಹೊಸ ಹೆಡ್, ಅಂದರೆ ಬಾಯಿಗೆ ಬಿಗಿಯುವ ಹಾಳೆ, ಹಾಕುತ್ತಾರೆ. ಆದರೂ ಡ್ರಮ್ ಶ್ರುತಿಗೆ ಬರುವುದಿಲ್ಲ. ಹೆಡ್ ಬಿಗಿಯುವ ಒಂದು ರಾಡ್ ಹತ್ತಿರ ಏರು ಸ್ವರ, ಅದರ ಪಕ್ಕದಲ್ಲೇ ಸತ್ತ ಸದ್ದು, ಎಷ್ಟು ಬಿಗಿದರೂ ಒಂದು ಕಡೆ ಹೋಗದ ಸುಕ್ಕು. ಹೆಡ್ಡೇ ಕಳಪೆ ಎಂದು ಇನ್ನೊಂದು ತರುತ್ತಾರೆ, ಅದೂ ಹಾಗೇ. ಹೆಚ್ಚಿನ ಸಲ ದೋಷ ಇರುವುದು ಹೆಡ್ ಕೂರುವ ಜಾಗದಲ್ಲಿ, ಅಂದರೆ ಶೆಲ್ಲಿನ (ಡ್ರಮ್ಮಿನ ಮರದ ಮೈಯ) ಬಾಯಿಯ ಅಂಚಿನಲ್ಲಿ. ಬೇರಿಂಗ್ ಎಡ್ಜ್ ಎನ್ನುವುದು ಇದನ್ನೇ.

ಮುಂಬಯಿಯಲ್ಲಿ ನನ್ನ ಕೈಗೆ ಬರುವ ಡ್ರಮ್‌ಗಳು ಹೋಟೆಲ್ ಬ್ಯಾಂಡ್, ಸಿನಿಮಾ ಆರ್ಕೆಸ್ಟ್ರಾ, ಬಾಂದ್ರಾದ ಹಳೆ ಮನೆಗಳು, ಚರ್ಚ್ ಹಾಲ್‌ಗಳನ್ನು ದಾಟಿ ಬಂದವು. ಇಂಗ್ಲೆಂಡಿನ ಪ್ರೀಮಿಯರ್ ಕಂಪನಿಯವು ಜಾಸ್ತಿ. ಲಡ್ವಿಗ್, ಸ್ಲಿಂಗರ್‌ಲ್ಯಾಂಡ್ ಅಪರೂಪಕ್ಕೆ. ಉಪ್ಪುಗಾಳಿ, ಮಳೆಗಾಲದ ತೇವ, ಅಟ್ಟದ ಮೇಲಿನ ಬಿಸಿ ಎಲ್ಲವನ್ನೂ ಕಂಡ ಮರ ಅದು. ಹಾಗಾಗಿ ಅಂಚು ಒಂದು ಕಡೆ ಉಬ್ಬಿರುತ್ತದೆ, ಇನ್ನೊಂದು ಕಡೆ ಪದರ ಬಿಟ್ಟಿರುತ್ತದೆ, ಮಗದೊಂದು ಕಡೆ ನೆಲಕ್ಕೆ ಬಡಿದು ತಗ್ಗಾಗಿರುತ್ತದೆ.

ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಂದಿನ ಡ್ರಮ್‌ಗಳಲ್ಲಿ ಸಾಮಾನ್ಯವಾಗಿ ಅಂಚು ಒಳಕ್ಕೆ 45 ಡಿಗ್ರಿ ಇಳಿಜಾರು, ಮೇಲೆ ಚೂಪು ಏಣು. ಹೆಡ್ ತೀರಾ ಕಡಿಮೆ ಜಾಗದಲ್ಲಿ ಮರವನ್ನು ತಾಗುವುದರಿಂದ ಸದ್ದು ಚುರುಕು, ಗುಂಯ್ಗುಡುವಿಕೆ ಉದ್ದ. ಹಳೆ ಡ್ರಮ್‌ಗಳ ಅಂಚು ಉರುಟು. 1950ರ ದಶಕದ ಕೊನೆಗೆ ಪ್ಲಾಸ್ಟಿಕ್ ಹೆಡ್ ಬರುವವರೆಗೂ ಡ್ರಮ್‌ಗೆ ಹಾಕುತ್ತಿದ್ದುದು ಕರುವಿನ ಚರ್ಮ. ಚೂಪು ಅಂಚಿನ ಮೇಲೆ ಚರ್ಮ ಎಳೆದು ಬಿಗಿದರೆ ಕಡಿಯುತ್ತದೆ, ಇದು ಮದ್ದಳೆ ಮಾಡುವವರಿಗೂ ಗೊತ್ತಿರುವ ಸಂಗತಿ. ಪ್ಲಾಸ್ಟಿಕ್ ಬಂದ ಮೇಲೂ ಎಷ್ಟೋ ಕಂಪನಿಗಳು ಅದೇ ಉರುಟನ್ನು ಮುಂದುವರಿಸಿದವು. ಆ ಬೆಚ್ಚಗಿನ, ಗಿಡ್ಡ, ದುಂಡು ಸದ್ದಿಗಾಗಿಯೇ ಜನ ಹಳೆ ಡ್ರಮ್ ಹುಡುಕುವುದು. ಅದನ್ನು ತಂದು 45 ಡಿಗ್ರಿ ಕಡಿಸಿದರೆ ಹಳೆ ಮರದಲ್ಲಿ ಹೊಸ ಡ್ರಮ್ ಸಿಗುತ್ತದೆ, ಹಳೆಯದು ಮತ್ತೆಂದೂ ಸಿಗುವುದಿಲ್ಲ. ನಾನು ಹಾಗೆ ಮಾಡಿಕೊಡುವುದಿಲ್ಲ. ಮಟ್ಟ ತರಬೇಕು, ಮೂಲ ಆಕಾರ ಉಳಿಸಬೇಕು, ಆದಷ್ಟು ಕಡಿಮೆ ಮರ ತೆಗೆಯಬೇಕು. ಕೋನಕ್ಕಿಂತ ಮಟ್ಟವೇ ದೊಡ್ಡದು.

ಆಚಾರಿಗಳ ಬಳಿ ಶೆಲ್ ಒಯ್ದರೆ "ರೂಟರ್ ಹಾಕಿಬಿಡ್ತೇನೆ, ಐದು ನಿಮಿಷದ ಕೆಲಸ" ಎನ್ನುತ್ತಾರೆ. "ಬೇಡ ಆಚಾರ್ರೇ" ಎನ್ನಲು ಕಾರಣವಿದೆ. ರೂಟರ್ ಎಂಬ ಮರ ಕಡಿಯುವ ಕರೆಂಟ್ ಯಂತ್ರ ಸರಿಯಾಗಿ ಓಡಬೇಕಾದರೆ ಶೆಲ್ ಮೊದಲೇ ಸಮಮಟ್ಟ, ಸಮವೃತ್ತ ಇರಬೇಕು. ಹಳೆಯದು ಎರಡೂ ಅಲ್ಲ. ಜೊತೆಗೆ ಶೆಲ್ಲಿನ ಪ್ಲೈವುಡ್ಡಿನಲ್ಲಿ ಒಂದು ಪದರದ ನಾರು ಒಂದು ದಿಕ್ಕು, ಪಕ್ಕದ್ದರ ನಾರು ಇನ್ನೊಂದು ದಿಕ್ಕು. ಅಂಟು ಸತ್ತ ಕಡೆ ರೂಟರಿನ ಅಲಗು ಸಿಕ್ಕಿಕೊಂಡರೆ ಬೆರಳುದ್ದದ ಚಕ್ಕೆಯೇ ಎದ್ದು ಬರುತ್ತದೆ. ಕೈಯಲ್ಲಾದರೆ ಚಕ್ಕೆ ಏಳುವ ಮೊದಲೇ ಬೆರಳಿಗೆ ತಿಳಿಯುತ್ತದೆ.

ಇನ್ನು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅಂಚಿನ ಕೆಲಸ ಮಾಡಬಾರದು. ಮರ ತೇವ ಹೀರಿ ಉಬ್ಬಿರುತ್ತದೆ, ಆಗ ಮಟ್ಟ ಮಾಡಿದ್ದು ಜನವರಿಯಲ್ಲಿ ಮಟ್ಟ ಇರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಶೆಲ್ ಬಿಚ್ಚಿ ಎರಡು ವಾರ ಫ್ಯಾನ್ ಗಾಳಿ ಆಡುವ ಕೋಣೆಯಲ್ಲಿಟ್ಟು ಆಮೇಲೆ ಮುಟ್ಟುತ್ತೇನೆ. ಬಿಸಿಲಿಗೆ ಇಡಬಾರದು, ಪದರ ಬಿಡುತ್ತದೆ.

ಬಿಚ್ಚುವಾಗ ಎಲ್ಲ ರಾಡ್‌ಗಳನ್ನೂ ಅರ್ಧರ್ಧ ಸುತ್ತು, ಎದುರುಬದುರಾಗಿ ಸಡಿಲಿಸಬೇಕು. ಒಂದನ್ನೇ ಪೂರ್ತಿ ತೆಗೆದರೆ ಹೆಡ್ಡನ್ನು ಒತ್ತಿ ಹಿಡಿಯುವ ಬಳೆ, ಅಂದರೆ ಹೂಪ್, ಸೊಟ್ಟಗಾಗುತ್ತದೆ. ಪ್ರತಿ ಲಗ್‌ಗೂ (ರಾಡ್ ತಿರುಗಿಸಿ ಕೂರಿಸುವ ಲೋಹದ ತುಂಡು) ಶೆಲ್ಲಿನ ಒಳಗೆ ಪೆನ್ಸಿಲ್ ಅಂಕಿ, ಅದೇ ಅಂಕಿಯ ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ರೂ, ವಾಷರ್. ಕಂಪನಿಯ ಹೆಸರಿನ ಬ್ಯಾಡ್ಜ್ ಮಾತ್ರ ಬಿಚ್ಚಬೇಡಿ. ಅದನ್ನು ಹಿಡಿದಿರುವ ಗ್ರಾಮೆಟ್ ಎಂಬ ಲೋಹದ ಉಂಗುರ ಬಿಚ್ಚಿದರೆ ಸೀಳುತ್ತದೆ, ಹಾಗೆಯೇ ಕೂರಿಸಲು ಆಗುವುದಿಲ್ಲ.

ಮುಖ್ಯ ಹತ್ಯಾರು ಎಂದರೆ ಒಂದು ಸಮತಟ್ಟಾದ ಕಲ್ಲು. 14 ಇಂಚಿನ ಸ್ನೇರ್, 16 ಇಂಚಿನ ಫ್ಲೋರ್ ಟಾಮ್‌ಗೆ ಒಂದೂವರೆ ಅಡಿ ಚೌಕ ಸಾಕು. 22 ಇಂಚಿನ ಬಾಸ್‌ಗೆ 2 ಅಡಿ ಚೌಕ ಬೇಕು. ಅಡುಗೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಕಲ್ಲಿನಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಪಾಲಿಶ್ ಇದ್ದ ಮಾತ್ರಕ್ಕೆ ಮಟ್ಟ ಇರುತ್ತದೆ ಎಂದಲ್ಲ. ಉಕ್ಕಿನ ಪಟ್ಟಿಯನ್ನು ಅಡ್ಡ, ಉದ್ದ, ಎರಡು ಮೂಲೆಗಳಿಂದ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿದು ನೋಡಿ, ಬೆಳಕು ತೂರದ್ದನ್ನೇ ಆರಿಸಬೇಕು. 12 ಎಂಎಂ ಗಾಜೂ ಆಗುತ್ತದೆ, ಕೆಳಗೆ ಪೂರ್ತಿ ಆಸರೆ ಇರಬೇಕು. ಉಕ್ಕಿನ ಪಟ್ಟಿ, ಅರ್ಧವೃತ್ತದ ಅರ, ಕ್ಲಾಂಪ್, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳು) ಎಲ್ಲವೂ ನಾಗದೇವಿ ಸ್ಟ್ರೀಟಿನಲ್ಲಿ ಒಂದೇ ಓಡಾಟದಲ್ಲಿ ಸಿಗುತ್ತವೆ.

ಪರೀಕ್ಷೆ ರಾತ್ರಿ ಮಾಡುವುದು ಮೇಲು. ಕಲ್ಲಿನ ಮೇಲೆ ಶೆಲ್ ಬೋರಲು ಇಟ್ಟು, ಒಳಗೆ ಬಲ್ಬ್ ಇಟ್ಟು, ಮೇಲಿನ ಬಾಯಿಯನ್ನು ಬಟ್ಟೆಯಿಂದ ಮುಚ್ಚಿ, ಕೋಣೆಯ ದೀಪ ಆರಿಸಬೇಕು. ಅಂಚಿನ ಕೆಳಗೆ ಬೆಳಕು ಕಂಡಲ್ಲಿ ತಗ್ಗು. ಅಲ್ಲಿ ಗೇಜ್ ತೂರಿಸಿ ನೋಡುತ್ತೇನೆ. 0.1 ಎಂಎಂ ಎಲೆ ಹೋಗದಿದ್ದರೆ ಆ ಅಂಚನ್ನು ಮುಟ್ಟುವುದೇ ಇಲ್ಲ. 0.25 ಹೋದರೆ ಕೆಲಸ ಇದೆ. ನಡುವಿನದ್ದಾದರೆ ಹೆಡ್ ಹಾಕಿ ಶ್ರುತಿ ಮಾಡಿ ನೋಡಿ ನಿರ್ಧರಿಸಬೇಕು. ಹಾಗೆಯೇ ಹೊಸ ಹೆಡ್ ಒಂದನ್ನು ಅಂಚಿನ ಮೇಲಿಟ್ಟು ತಿರುಗಿಸಿ ನೋಡಿ: ತನ್ನ ಭಾರಕ್ಕೇ ಕೂತು ಸಲೀಸಾಗಿ ಸುತ್ತಬೇಕು. ಹಿಡಿದರೆ ಶೆಲ್ ಅಂಡಾಕಾರ ಆಗಿದೆ ಅಥವಾ ಹೊರಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ, ಅಂದರೆ ರ‍್ಯಾಪ್ ಉಬ್ಬಿದೆ.

ಪ್ರೀಮಿಯರ್ ಕೊಳ್ಳುವವರು ಇಲ್ಲಿ ಎಚ್ಚರವಾಗಿರಬೇಕು. 1960ರ ದಶಕದ ಕೊನೆಯ ಭಾಗದವರೆಗೆ ಅವರ ಟಾಮ್‌ಗಳ ವ್ಯಾಸ ಉಳಿದವರ ಅಳತೆಗಿಂತ ತುಸು ಹೆಚ್ಚು. ಇಂದಿನ 12, 14 ಇಂಚಿನ ಹೆಡ್ ಅದರ ಮೇಲೆ ಕೂರುವುದೇ ಇಲ್ಲ. ಶೆಲ್ ಕೆಟ್ಟಿದೆ ಎಂದುಕೊಂಡು ಹೊರಮೈ ಉಜ್ಜಿ ಸಣ್ಣದು ಮಾಡಿದವರ ಡ್ರಮ್‌ಗಳನ್ನು ನೋಡಿದ್ದೇನೆ, ಅವನ್ನು ಉಳಿಸುವ ದಾರಿ ಇಲ್ಲ. ಆ ಅಳತೆಯ ಹೆಡ್ಡನ್ನೇ ಹೇಳಿ ತರಿಸಬೇಕು.

ಬಿಟ್ಟ ಪದರಗಳನ್ನು ಮಟ್ಟ ಮಾಡುವ ಮೊದಲೇ ಅಂಟಿಸಬೇಕು, ಯಾಕೆಂದರೆ ಅಂಟಿನ ನೀರಿಗೆ ಮರ ಮತ್ತೆ ಉಬ್ಬುತ್ತದೆ. ಫೆವಿಕಾಲ್ ಮರೀನ್‌ಗೆ ಹತ್ತರಲ್ಲಿ ಒಂದು ಪಾಲು ನೀರು ಬೆರೆಸಿ, ಮೆಡಿಕಲ್ ಅಂಗಡಿಯ ದಪ್ಪ ಸೂಜಿಯ ಸಿರಿಂಜಿನಲ್ಲಿ ಬಿರುಕಿನ ತಳದವರೆಗೆ ಇಳಿಸುತ್ತೇನೆ. ಒಳಗೆ ಹೊರಗೆ ಶೆಲ್ಲಿನ ಬಾಗಿಗೆ ಹೊಂದುವ ಮರದ ತುಂಡು, ನಡುವೆ ಪ್ಲಾಸ್ಟಿಕ್ ಹಾಳೆ, ಮೇಲೆ ಕ್ಲಾಂಪ್. ತುಂಬಾ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಮರ ಒಣ ಉಳಿಯುತ್ತದೆ. ಅಂಚಿನಲ್ಲಿ ಸಣ್ಣ ಮಣಿಗಳಂತೆ ಅಂಟು ಕಾಣಿಸಿಕೊಂಡರೆ ಅಷ್ಟು ಸಾಕು. 24 ಗಂಟೆ ಕ್ಲಾಂಪ್, ಆಮೇಲೆ 1 ವಾರ ಒಣಗಲು ಬಿಡುವುದು. ರ‍್ಯಾಪ್‌ನ ಜೋಡಣೆ ಎದ್ದಿದ್ದರೆ ಅದಕ್ಕೆ ಫೆವಿಕಾಲ್ ಎಸ್‌ಆರ್ 998. ಹಳೆ ಪರ್ಲ್ (ಮುತ್ತಿನ ಹೊಳಪಿನ) ರ‍್ಯಾಪ್‌ಗಳಲ್ಲಿ ಎಷ್ಟೋ ನೈಟ್ರೇಟ್ ಸೆಲ್ಯುಲಾಯ್ಡ್, ಬೆಂಕಿ ತಾಗಿದರೆ ಭಗ್ಗನೆ ಹತ್ತುತ್ತದೆ. ಹೀಟ್ ಗನ್, ಗ್ರೈಂಡರ್ ಕಿಡಿ, ಸಿಗರೇಟು ಯಾವುದೂ ಹತ್ತಿರ ಬರಬಾರದು. ಅಸಿಟೋನ್ ಅಥವಾ ನೇಲ್ ಪಾಲಿಶ್ ರಿಮೂವರ್ ಹಚ್ಚಿದರೆ ರ‍್ಯಾಪ್ ಕರಗುತ್ತದೆ.

ಈಗ ಮಟ್ಟ. ಕಲ್ಲಿನ ತುಂಬ 150 ನಂಬರಿನ ಪಾಲಿಶ್ ಪೇಪರ್ ಅಂಟಿಸಬೇಕು. ಹಾಳೆಗಳ ಜೋಡಣೆ ಒಂದರ ಮೇಲೊಂದು ಬರಕೂಡದು, ಆ ಏರಿಗೆ ಶೆಲ್ ಎಡವಿ ಗೀರು ಬೀಳುತ್ತದೆ. ಅಂಚಿನ ಸುತ್ತಲೂ ಪೆನ್ಸಿಲ್‌ನಿಂದ ಗೀಚಿ, ಶೆಲ್ ಬೋರಲಿಟ್ಟು, ಕೈಗಳನ್ನು ಆದಷ್ಟು ಕೆಳಗೆ, ಕಾಗದದ ಹತ್ತಿರ ಹಿಡಿದು ಸಣ್ಣ ವೃತ್ತಗಳಲ್ಲಿ ಆಡಿಸಬೇಕು. ಮೇಲ್ತುದಿಯಿಂದ ಒತ್ತಿದರೆ ಶೆಲ್ ವಾಲಿ ಒಂದೇ ಪಕ್ಕ ಸವೆಯುತ್ತದೆ. ಹತ್ತು ವೃತ್ತ ಬಲಕ್ಕೆ, ಹತ್ತು ಎಡಕ್ಕೆ, ಆಮೇಲೆ ಶೆಲ್ಲನ್ನು ಕಾಲು ಸುತ್ತು ತಿರುಗಿಸಿ ಹಿಡಿಯುವ ಜಾಗ ಬದಲಿಸುವುದು. ಏರಿದ್ದ ಕಡೆ ಪೆನ್ಸಿಲ್ ಗುರುತು ಮೊದಲು ಅಳಿಯುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಸುತ್ತಲೂ ಅಳಿದ ಕ್ಷಣ ನಿಲ್ಲಿಸಬೇಕು. ಒಂದೇ ಕಡೆ ಆಳವಾದ ಹೊಡೆತದ ಗುರುತಿದ್ದರೆ ಅದಕ್ಕಾಗಿ ಇಡೀ ಅಂಚು ಇಳಿಸಬಾರದು. ಅಷ್ಟು ಜಾಗಕ್ಕೆ ಎರಡು ಪಾಲಿನ ಎಪಾಕ್ಸಿಗೆ ಅದೇ ಮರದ ಪುಡಿ ಕಲಸಿ ತುಂಬಿ, ಒಣಗಿದ ಮೇಲೆ ಮಟ್ಟ ಮಾಡುವುದು. ಕೊನೆಗೆ 220ರಲ್ಲಿ ಒಂದು ಸುತ್ತು, ಮತ್ತೆ ಬಲ್ಬ್ ಪರೀಕ್ಷೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಎನ್95 ಮಾಸ್ಕ್ ಕಡ್ಡಾಯ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಸ್ನೇರ್ ಡ್ರಮ್ಮಿನ ಕೆಳ ಅಂಚಿಗೆ ಈ ವಿಧಾನ ಹಾಗೇ ಹೊಂದುವುದಿಲ್ಲ. ಅಲ್ಲಿ ಕೆಳ ಹೆಡ್ಡಿಗೆ ತಾಗಿ ಸದ್ದು ಮಾಡುವ ತಂತಿ ಹಾದುಹೋಗುವ ಎರಡೂ ಕಡೆ ಬೇಕೆಂದೇ ತಗ್ಗು ಮಾಡಿರುತ್ತಾರೆ, ಅದು ಸ್ನೇರ್ ಬೆಡ್. ಬಲ್ಬ್ ಇಟ್ಟಾಗ ಅಲ್ಲಿ ಬೆಳಕು ಕಾಣುವುದು ಸರಿಯೇ. ಇದನ್ನು ದೋಷ ಎಂದು ತಿಳಿದು ಉಜ್ಜಿ ಮಟ್ಟ ಮಾಡಿದರೆ ತಂತಿ ಹೆಡ್‌ಗೆ ತಾಗದೆ ಸುಮ್ಮನೆ ಗಿರಗುಟ್ಟುತ್ತದೆ. ಹಳೆ ಸ್ನೇರ್‌ಗಳು ಹಾಳಾಗಿರುವುದು ಹೆಚ್ಚಾಗಿ ಹೀಗೆಯೇ. ಬೆಡ್ ಬಿಟ್ಟು ಉಳಿದ ಅಂಚು ಮಟ್ಟವಿದೆಯೇ ಎಂದಷ್ಟೇ ನೋಡಬೇಕು. ಮಟ್ಟ ಮಾಡಿದಷ್ಟೂ ಬೆಡ್‌ನ ಆಳ ಕಡಿಮೆಯಾಗುವುದರಿಂದ ಕೊನೆಗೆ ಅಷ್ಟನ್ನು ಮರಳಿ ಕೊಡಬೇಕು. 14 ಇಂಚಿಗೆ ನಾನು ನಡುವಿನಲ್ಲಿ 1.5 ಎಂಎಂ ಆಳ, ಅಲ್ಲಿಂದ ಎರಡೂ ಪಕ್ಕ ಎರಡೂವರೆ ಇಂಚಿನಲ್ಲಿ ಸೊನ್ನೆಗೆ ಬರುವಂತೆ, ಅಗಲದ ಮರದ ತುಂಡಿಗೆ 150ರ ಕಾಗದ ಸುತ್ತಿ ಉಜ್ಜುತ್ತೇನೆ. ಇಳಿಜಾರು ನಿಧಾನವಾಗಿರಬೇಕು. ಮೆಟ್ಟಿಲಿನಂತಾದರೆ ಹೆಡ್ ಅಲ್ಲೇ ಮಡಿಚಿ ಸುಕ್ಕು ಬೀಳುತ್ತದೆ.

ಮಟ್ಟ ಮಾಡಿದ ಮೇಲೆ ಉರುಟಾಗಿದ್ದ ತಲೆಯ ಮೇಲೆ 1–2 ಎಂಎಂ ಅಗಲದ ಚಪ್ಪಟೆ ಪಟ್ಟಿ ಉಳಿಯುತ್ತದೆ. ಹಾಗೇ ಬಿಟ್ಟರೆ ಸದ್ದು ಉಸಿರು ಕಟ್ಟಿದಂತಿರುತ್ತದೆ. ಮೂಲ ಉರುಟನ್ನು ಮರಳಿ ತರಲು ನಾನು ಬಳಸುವುದು ಎಂ-ಸೀಲ್ ಎಂಬ ಎಪಾಕ್ಸಿ ಪುಟ್ಟಿಯ ಅಚ್ಚು. ಇದನ್ನು ಮಟ್ಟ ಮಾಡುವುದಕ್ಕೂ ಮುಂಚೆಯೇ ಸಿದ್ಧಪಡಿಸಿಕೊಳ್ಳಬೇಕು. ಅಂಚಿನಲ್ಲಿ ಏಟು ಬೀಳದ 2 ಇಂಚು ಜಾಗ ಹುಡುಕಿ, ಅದರ ಮೇಲೆ ಪಾಲಿಶ್ ಪೇಪರಿನ ದಪ್ಪ ಬರುವಷ್ಟು ಸೆಲೋ ಟೇಪ್ ಪದರಗಳನ್ನು ಅಂಟಿಸಿ, ತೆಳ್ಳಗೆ ವ್ಯಾಸಲೀನ್ ಸವರಿ, ಕಲಸಿದ ಎಂ-ಸೀಲನ್ನು ಒತ್ತಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಎತ್ತಿದರೆ ಆ ಡ್ರಮ್ಮಿನದೇ ಅಂಚಿನ ಅಚ್ಚು. ವ್ಯಾಸಲೀನ್ ಒರೆಸಿ ಅದರೊಳಗೆ ಕಾಗದ ಅಂಟಿಸಿದರೆ ಉಜ್ಜುವ ತುಂಡು ಸಿದ್ಧ. 12 ಇಂಚಿನದ್ದು 16ಕ್ಕೆ ಬರುವುದಿಲ್ಲ, ಬಾಗು ಬೇರೆ. ಪ್ರತಿ ಅಳತೆಗೂ ಬೇರೆ ಅಚ್ಚು.

ಮಟ್ಟವಾದ ಚಪ್ಪಟೆ ಪಟ್ಟಿಯ ಮೇಲೆ, ಏಣು ಬರಬೇಕಾದ ಜಾಗದಲ್ಲಿ, ಸುತ್ತಲೂ ಒಂದು ಸಣ್ಣ ಪೆನ್ಸಿಲ್ ಗೆರೆ ಎಳೆಯಬೇಕು. ಮೊದಲು ಅರದಿಂದ ಗೆರೆಯ ಒಳಬದಿ, ಆಮೇಲೆ ಹೊರಬದಿ. ಕೊನೆಗೆ ಅಚ್ಚಿನ ತುಂಡನ್ನು ಭಾರ ಹಾಕದೆ ಸುತ್ತಲೂ ಓಡಿಸುವುದು. ಗೆರೆ ಎಲ್ಲೂ ಅಳಿಯಬಾರದು. ಅಳಿದಲ್ಲಿ ಮಟ್ಟ ಹೋಯಿತು ಎಂದರ್ಥ, ಮತ್ತೆ ಕಲ್ಲಿಗೇ ಬರಬೇಕಾಗುತ್ತದೆ. ಹೊರಬದಿಯಲ್ಲಿ ಅರದ ಎಳೆತ ಯಾವಾಗಲೂ ರ‍್ಯಾಪ್‌ನಿಂದ ಮರದ ಕಡೆಗೆ. ತಿರುಗಾ ಎಳೆದರೆ ರ‍್ಯಾಪ್ ಚಕ್ಕೆ ಹಾರುತ್ತದೆ. ರ‍್ಯಾಪ್ ಏಣಿಗಿಂತ ಸ್ವಲ್ಪ ಕೆಳಗೇ ನಿಲ್ಲಬೇಕು, ಹೆಡ್ ಅದರ ಮೇಲೆ ಕೂರಬಾರದು. ನಾರು ಎದ್ದರೆ ಅರ ಬಿಟ್ಟು 220, ಆಮೇಲೆ 320. ಅದಕ್ಕಿಂತ ನುಣುಪು ಬೇಕಿಲ್ಲ.

ಬರಿಯ ಮರವನ್ನು ಇಲ್ಲಿಯ ಹವೆಗೆ ಬಿಡುವಂತಿಲ್ಲ. 100 ಎಂಎಲ್ ಪಾಲಿಶ್ ಸ್ಪಿರಿಟ್‌ಗೆ 12 ಗ್ರಾಂ ಚಪಡಾ ಅರಗು ಹಾಕಿ ರಾತ್ರಿ ಕರಗಲು ಬಿಟ್ಟು, ಸೋಸಿ, ಬಟ್ಟೆಯಲ್ಲಿ ತೆಳ್ಳಗೆ ಎರಡು ಸಲ ಹಚ್ಚಿದರೆ ಸಾಕು. ಗಾಳಿಯಲ್ಲಿ ತೇವ ಇದ್ದರೆ ಅರಗು ಬೆಳ್ಳಗಾಗುತ್ತದೆ, ಚಳಿಗಾಲದಲ್ಲೇ ಮಾಡಲು ಇದೂ ಒಂದು ಕಾರಣ. ಒಣಗಿದ ಮೇಲೆ ಮೇಣದ ಬತ್ತಿಯನ್ನು ಏಣಿನ ಮೇಲೆ ಒಂದು ಸುತ್ತು ಸವರಿ ಬೆರಳಲ್ಲಿ ತಿಕ್ಕಿದರೆ, ಬಿಗಿಯುವಾಗ ಹೆಡ್ ಜಾರಿ ಸರಿಯಾಗಿ ಕೂರುತ್ತದೆ.

ಲೋಹದ ಕೆಲಸ ಬೇಗ ಮುಗಿಯುತ್ತದೆ. ಉಕ್ಕಿನ ರಾಡ್‌ಗಳನ್ನು ಲೀಟರ್ ನೀರಿಗೆ 30 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಒಂದು ಗಂಟೆ ನೆನೆಸಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಬಿಡುವುದು. ಲಗ್‌ಗಳು ಸತುವಿನ ಎರಕ, ಅವನ್ನು ಆ ನೀರಿಗೆ ಹಾಕಬಾರದು, ಮೈ ತಿಂದುಹೋಗುತ್ತದೆ. ಲಗ್‌ನೊಳಗಿನ ಸ್ಪ್ರಿಂಗ್ ಝಣಗುಟ್ಟಿದರೆ ಒಂದು ಚಿಟಿಕೆ ಹತ್ತಿ ತುರುಕಿದರೆ ಸಾಕು. ಅಮೆರಿಕದ ಡ್ರಮ್‌ಗಳ ರಾಡ್‌ನ ಮರೆ (ಸ್ಕ್ರೂ ಸುತ್ತು) 12-24 ಅಳತೆಯದು. ಹಳೆ ಬ್ರಿಟಿಷ್, ಜರ್ಮನ್ ಸೆಟ್‌ಗಳಲ್ಲಿ ಅದೇ ಇರುತ್ತದೆಂದಿಲ್ಲ. ಬೇರೆ ರಾಡ್ ಹಾಕುವಾಗ ಎರಡು ಸುತ್ತಿಗೇ ಬಿಗಿಯಾದರೆ ಅಲ್ಲೇ ಬಿಡಿ, ಒತ್ತಾಯಿಸಿದರೆ ಲಗ್ ಸೀಳುತ್ತದೆ.

ಜೋಡಿಸಲು ಒಂಟಿ ಪದರದ ಕೋಟೆಡ್ (ಮೇಲೆ ಒರಟು ಲೇಪವಿರುವ) ಹೆಡ್ ಉರುಟು ಅಂಚಿಗೆ ಚೆನ್ನಾಗಿ ಹೊಂದುತ್ತದೆ. ಧೋಬಿ ತಲಾವ್ ಕಡೆಯ ವಾದ್ಯದಂಗಡಿಗಳಲ್ಲಿ ಸಿಗುತ್ತದೆ. ಬೆರಳಲ್ಲಿ ಬಿಗಿ, ಆಮೇಲೆ ಎದುರುಬದುರಾಗಿ ಅರ್ಧರ್ಧ ಸುತ್ತು. ಪ್ರತಿ ರಾಡ್‌ನಿಂದ ಒಂದು ಇಂಚು ಒಳಗೆ ಕಡ್ಡಿಯಿಂದ ತಟ್ಟಿ ಕೇಳಬೇಕು. ಎಲ್ಲೋ ಒಂದು ಕಡೆ ಸದ್ದು ಸತ್ತಂತಿದ್ದರೆ ಆ ಜಾಗವನ್ನು ಶೆಲ್, ಹೆಡ್, ಹೂಪ್ ಮೂರರ ಮೇಲೂ ಪೆನ್ಸಿಲ್‌ನಲ್ಲಿ ಗುರುತಿಸಿ, ಹೆಡ್ ಮಾತ್ರ ಕಾಲು ಸುತ್ತು ತಿರುಗಿಸಿ ಹಾಕಿ. ದೋಷ ಹೆಡ್ ಗುರುತಿನ ಜೊತೆ ಹೋದರೆ ಹೆಡ್ಡಿನದು. ಅಲ್ಲೇ ಉಳಿದರೆ ಈಗ ಹೂಪ್ ತಿರುಗಿಸಿ. ಅದರ ಜೊತೆ ಹೋದರೆ ಹೂಪ್ ಸೊಟ್ಟಗಿದೆ, ಅದನ್ನೂ ಅದೇ ಕಲ್ಲಿನ ಮೇಲಿಟ್ಟು ನೋಡಬಹುದು. ಎರಡಕ್ಕೂ ಜಗ್ಗದೆ ಶೆಲ್ಲಿನ ಗುರುತಿನಲ್ಲೇ ಉಳಿದರೆ ಮಾತ್ರ ಅಂಚಿಗೆ ಮತ್ತೆ ಕೈ ಹಾಕುವುದು. ಮೊದಲ ಮಳೆಗಾಲ ಕಳೆದು ನವೆಂಬರ್‌ನಲ್ಲಿ ಹೆಡ್ ತೆಗೆದು ಇನ್ನೊಮ್ಮೆ ಬಲ್ಬ್ ಇಟ್ಟು ನೋಡುತ್ತೇನೆ, 0.1ರ ಎಲೆ ಹೋಗದಿದ್ದರೆ ಅದೇ ಹೆಡ್ ಮತ್ತೆ ಹಾಕಿ ಕಳಿಸಿಕೊಡುವುದು.