ಮಂಗಳವಾರ ರಜೆ ಸಿಕ್ಕರೆ: ಮೈಸೂರಿನಿಂದ ಒಂದು ದಿನದ ತಿರುಗಾಟ

ಮೈಸೂರಿನಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್. ಭಾನುವಾರ ಊರೆಲ್ಲ ಸುತ್ತಾಡುವಾಗ ನಾನು ಯಾರದೋ ಹುಬ್ಬಿಗೆ ದಾರ ಹಿಡಿದು ನಿಂತಿರುತ್ತೇನೆ. ನಮಗೆ ರಜೆ ಮಂಗಳವಾರ. ಬೆಳಗಿನ ಕಾಫಿ ಹೊತ್ತಿಗೆ ಮನಸ್ಸಾದರೆ ಹೊರಟೆ, ಇಲ್ಲದಿದ್ದರೆ ಇಲ್ಲ.

ಮಂಗಳವಾರ ಆಗದ ಜಾಗಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮೃಗಾಲಯಕ್ಕೂ ನನಗೂ ಒಂದೇ ದಿನ ರಜೆ. ಚಾಮುಂಡಿ ಬೆಟ್ಟದಲ್ಲಿ ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಅರಮನೆಯ ಝಗಮಗ ದೀಪ ನೋಡಬೇಕಂದ್ರೆ ಭಾನುವಾರವೋ ಸರ್ಕಾರಿ ರಜಾದಿನವೋ ಆಗಬೇಕು.

ಮಿಕ್ಕಿದ್ದರಲ್ಲಿ ಎಲ್ಲಿಗೆ ಅನ್ನುವುದು ನೀವು ಮನೆ ಬಿಡುವ ಹೊತ್ತಿನ ಮೇಲಿದೆ. ಏಳು ಗಂಟೆಗೆಲ್ಲ ಬಸ್ ಹತ್ತುವ ಹಾಗಿದ್ದರೆ ಮೇಲುಕೋಟೆ, ಸುಮಾರು 50 ಕಿ.ಮೀ. ಬಿಸಿಲೇರುವ ಮೊದಲೇ ಯೋಗಾನರಸಿಂಹನ ಬೆಟ್ಟ ಹತ್ತಿ ಇಳಿದು, ಚೆಲುವನಾರಾಯಣನ ದರ್ಶನ ಮುಗಿಸಿ ಪುಳಿಯೋಗರೆ ತಿನ್ನಬಹುದು. ಹತ್ತು ಗಂಟೆಗೆ ಹೊರಟವರಿಗೆ ಅದು ಬೇಡ. ನೀವು ಮುಟ್ಟುವ ಹೊತ್ತಿಗೆ ಮೆಟ್ಟಿಲು ಕಾದಿರುತ್ತದೆ, ಮಧ್ಯಾಹ್ನಕ್ಕೆ ಗುಡಿ ಬಾಗಿಲು ಹಾಕುವ ಸಮಯವೂ ಆಗಿರುತ್ತದೆ. ದೇವರಿಗೆ ವಜ್ರದ ಕಿರೀಟ ತೊಡಿಸುವ ವೈರಮುಡಿ ಉತ್ಸವದ ಸಮಯದಲ್ಲಂತೂ ಯಾವ ವಾರವಾದರೂ ಕಾಲಿಡಲು ಜಾಗ ಇರಲ್ಲ.

ತಡವಾಗಿ ಎದ್ದವರಿಗೆ ಸೋಮನಾಥಪುರದ ಕೇಶವ ಗುಡಿ. ಇಲ್ಲಿ ನಿತ್ಯಪೂಜೆ ಇಲ್ಲ, ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಹಾಗಾಗಿ ಮಧ್ಯಾಹ್ನ ಹೋದರೂ ತೆರೆದೇ ಇರುತ್ತದೆ. ಸೋಮನಾಥಪುರದ ಬೋರ್ಡಿಗೇ ಕಾಯುತ್ತಾ ಕೂರಬೇಡಿ. ಬನ್ನೂರು ಬಸ್ ಹತ್ತಿ, ಅಲ್ಲಿಳಿದು ಟಿ. ನರಸೀಪುರದ ಕಡೆ ಹೋಗುವ ಬಸ್ ಹಿಡಿದರೆ ದಾರಿಯಲ್ಲೇ ಸಿಗುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಹೆಂಗಸರಿಗೆ ಬಸ್ ಖರ್ಚೇ ಇಲ್ಲ. ಆಧಾರ್ ಕಾರ್ಡ್ ಬ್ಯಾಗಿನಲ್ಲೇ ಇರಲಿ. ಫ್ರೀ ಅಂತ ಸುಮ್ನೆ ಕೂರಬೇಡಿ, ಸೊನ್ನೆ ಟಿಕೆಟ್ ಇಸ್ಕೊಳ್ಳಿ. ಸಾದಾ ಬಸ್ಸು, ವೇಗದೂತಕ್ಕೆ ಮಾತ್ರ ಇದು. ರಾಜಹಂಸ, ಐರಾವತಕ್ಕೆ ದುಡ್ಡು ಕೊಡಬೇಕು. ನಮ್ಮ ಯಜಮಾನರು ಬಂದರೆ ಅವರಿಗೆ ಟಿಕೆಟ್ ತಗೋಬೇಕು, ಅದಕ್ಕೇ ಬರಲ್ವೋ ಏನೋ!

ಸೋಮನಾಥಪುರದ ಗುಡಿ ಕಟ್ಟಿದ್ದು 1258ರಲ್ಲಿ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸೀದಾ ಒಳಗೆ ಹೋಗಬೇಡಿ. ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಇನ್ನೂ ಮೇಲೆ ಕಥೆಗಳು. ಕಸುಬಿನ ಚಾಳಿ, ನನ್ನ ಕಣ್ಣು ಹೋಗುವುದು ಕೂದಲಿನ ಮೇಲೆ. ಒಬ್ಬಳ ತುರುಬು ಪಕ್ಕಕ್ಕೆ ವಾಲಿದೆ, ಇನ್ನೊಬ್ಬಳದು ಹಿಂದಕ್ಕೆ ಬಿಗಿದಿದೆ, ಮಣಿ ಸರದ ಒಂದೊಂದು ಮಣಿಯೂ ಬೇರೆ ಬೇರೆ ಎದ್ದು ಕಾಣುತ್ತದೆ. ಮದುವೆ ಹೆಣ್ಣಿಗೆ ಹಾಕುವ ಜಡೆಗೆ ಇಲ್ಲಿಂದ ಎಷ್ಟೋ ಐಡಿಯಾ ಕದ್ದಿದ್ದೇನೆ. ಕೆಲವು ವಿಗ್ರಹಗಳ ಕೆಳಗೆ ಕೆತ್ತಿದವನ ಹೆಸರೂ ಇದೆ. ಮಲ್ಲಿತಮ್ಮ ಅನ್ನುವ ಹೆಸರು ಹುಡುಕಿ, ಮಕ್ಕಳು ಜೊತೆಗಿದ್ದರೆ ಅವರಿಗೆ ಇದೇ ಆಟ.

ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವವರೆಗೆ ನಿಂತು, ಆಮೇಲೆ ತಲೆ ಎತ್ತಿ ಛಾವಣಿ ನೋಡಿ. ಬಾಳೆಹೂವು ತಲೆಕೆಳಗಾಗಿ ತೂಗುವಂತೆ ಕೆತ್ತಿದ್ದಾರೆ. ಮೂರು ಗರ್ಭಗುಡಿಗಳಲ್ಲಿ ನನಗಿಷ್ಟ ವೇಣುಗೋಪಾಲ. ಚಪ್ಪಲಿ ಹೊರಗೇ ಬಿಡಬೇಕಲ್ವಾ, ಬೇಸಿಗೆಯಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ತನ್ನಿ. ಬಿಸಿಲು ಜಾಸ್ತಿಯಾದರೆ ಸುತ್ತಲಿನ ಕಂಬಸಾಲಿನಲ್ಲಿ ಕೂತು ಬುತ್ತಿ ಬಿಚ್ಚಬೇಡಿ, ಸ್ಮಾರಕದೊಳಗೆ ಊಟ ಬೇಡ. ನೆರಳಿಗೆ ಕೂರಬಹುದು ಅಷ್ಟೇ.

ರಂಗನತಿಟ್ಟು ಯಾಕೆ ಹೇಳಲಿಲ್ಲ ಅಂತೀರಾ? ಮಳೆಗಾಲದಲ್ಲಿ ಕಾವೇರಿಗೆ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಹಕ್ಕಿ ನೋಡಲು ಚಳಿಗಾಲ ಕಳೆಯುವ ಹೊತ್ತು ಒಳ್ಳೆಯದು, ಆಗ ಬೆಳಗ್ಗೆಯೇ ಹೋಗಿ.

ಸೋಮನಾಥಪುರದಲ್ಲಿ ಬಸ್ ಇಳಿಯುವಾಗಲೇ ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ನರಸೀಪುರದ ಬಸ್ಸೇ ಮೊದಲು ಬಂದರೆ ಅದನ್ನೇ ಹತ್ತಿ. ಅಲ್ಲಿ ಕಾವೇರಿ, ಕಪಿಲೆ ಸೇರುವ ಸಂಗಮವಿದೆ, ಗುಂಜಾ ನರಸಿಂಹನ ಗುಡಿಯಿದೆ. ಕಾಶಿಗಿಂತ ಇಲ್ಲಿ ಒಂದು ಗುಲಗಂಜಿ ತೂಕ ಪುಣ್ಯ ಜಾಸ್ತಿ ಅಂತಾರೆ. ಅಲ್ಲಿಂದ ಮೈಸೂರಿಗೆ ಬಸ್ಸಿಗೇನೂ ಬರವಿಲ್ಲ. ಕಾಲೇಜು ಬಿಡುವ ಹೊತ್ತಿನದೊಂದು ಬಿಟ್ಟುಬಿಡಿ, ಸೀಟು ಸಿಗಲ್ಲ.